ಲೋಕದ ಹುಟ್ಟುಹಬ್ಬ ಲೆಕ್ಕ ಹಾಕಿದ ಜೇಮ್ಸ್ ಅಶರ್

ನಮ್ಮ ಸಂಘದ ವಾರ್ಷಿಕ ಸಂಚಿಕೆಗೆ ನಾನು ಬರೆಯುತ್ತಿರುವುದು ಇದೇ ಮೊದಲು. ನಾನು ಓದಿದ್ದು ಸರ್ಕಾರಿ ಐಟಿಐನಲ್ಲಿ, ಎಲೆಕ್ಟ್ರಿಷಿಯನ್ ಟ್ರೇಡ್. ಚರಿತ್ರೆ, ಧರ್ಮ ಇದೆಲ್ಲ ನನ್ನ ಸಬ್ಜೆಕ್ಟ್ ಅಲ್ಲ. ಆದರೂ ನಾಲ್ಕುನೂರು ವರ್ಷದ ಹಿಂದಿನ ಒಬ್ಬ ಐರ್ಲೆಂಡಿನ ಪಾದ್ರಿಯ ಬಗ್ಗೆ ಯಾಕೆ ಬರೀತಿದ್ದೀನಿ ಅಂದರೆ, ಅದಕ್ಕೆ ನಮ್ಮ ರೂಮಿನಲ್ಲಿ ನಡೆದ ಒಂದು ಜಗಳ ಕಾರಣ.

ನಮ್ಮ ರೂಮಿನಲ್ಲಿ ಕೆಜಿಎಫ್‌ ಕಡೆಯ ಒಬ್ಬ ಪೈಪ್ ಫಿಟ್ಟರ್ ಅಣ್ಣ ಇದ್ದಾರೆ. ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ದೊಡ್ಡವರು. ಶುಕ್ರವಾರ ಬೆಳಿಗ್ಗೆ ತಪ್ಪದೆ ಪ್ರಾರ್ಥನೆಗೆ ಹೋಗ್ತಾರೆ. ಒಂದು ರಾತ್ರಿ ಯಾರೋ ಮೊಬೈಲಿನಲ್ಲಿ ಡೈನೋಸಾರ್ ವಿಡಿಯೋ ಹಾಕಿದ್ದರು. ಅಣ್ಣ ಅದನ್ನು ನೋಡಿ, ಇದೆಲ್ಲ ಕೋಟಿಗಟ್ಟಲೆ ವರ್ಷದ ಮಾತು ಸುಳ್ಳು, ಭೂಮಿಗೆ ಆಗಿರುವುದೇ ಆರು ಸಾವಿರ ವರ್ಷ, ಬೈಬಲ್‌ನಲ್ಲಿ ಲೆಕ್ಕ ಇದೆ ಅಂದರು. ನಾನು ನಕ್ಕುಬಿಟ್ಟೆ. ನಕ್ಕಿದ್ದೂ ಸಾಲದು ಅಂತ, ನಿಮ್ಮಪ್ಪ ಚಿನ್ನದ ಗಣಿಯಲ್ಲಿ ಬಂಡೆ ಒಡೆದರಲ್ಲ, ಆ ಬಂಡೆಗೆ ಎಷ್ಟು ವಯಸ್ಸು ಅಂತ ಒಂದು ದಿನವೂ ಕೇಳಲಿಲ್ವಾ ಅಂದೆ. ರೂಮೆಲ್ಲ ನಕ್ಕಿತು. ಅಣ್ಣ ಗೋಡೆ ಕಡೆ ತಿರುಗಿ ಮಲಗಿದರು.

ಆಮೇಲೆ ಹನ್ನೊಂದು ದಿನ ನನ್ನ ಜೊತೆ ಮಾತಿಲ್ಲ. ನನಗೆ ಜ್ವರ ಬಂದಾಗ ರಾತ್ರಿ ಎದ್ದು ಗಂಜಿ ಕಾಯಿಸಿ ಕೊಟ್ಟವರು ಅವರು. ಅವರ ಅಪ್ಪ ಗಣಿ ಧೂಳಿನಿಂದ ಎದೆ ಕೆಟ್ಟು ಸತ್ತರು ಅಂತ ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಹಾಗೆ ಅಂದೆ. ನಾಚಿಕೆ ಆಯ್ತು. ಸರಿ, ಈ ಆರು ಸಾವಿರ ವರ್ಷ ಅನ್ನುವುದು ಎಲ್ಲಿಂದ ಬಂತು ಅಂತಾದರೂ ನೋಡೋಣ ಅಂತ ಸೈಟಿನಲ್ಲಿ ಊಟದ ಬಿಡುವಿನಲ್ಲಿ ಹುಡುಕೋಕೆ ಶುರು ಮಾಡಿದೆ. ಹುಡುಕಿದಾಗ ಸಿಕ್ಕ ಮನುಷ್ಯರೇ ಜೇಮ್ಸ್ ಅಶರ್. ಅವರ ಜೀವನ ಓದಿದ ಮೇಲೆ ನನ್ನ ನಗು ನಿಂತಿತು. ಅವರು ಹೇಳಿದ್ದನ್ನು ನಾನು ಈಗಲೂ ಒಪ್ಪಲ್ಲ. ಆದರೆ ನಗುವಂಥ ಮನುಷ್ಯ ಅವರಲ್ಲ.

ಜೇಮ್ಸ್ ಅಶರ್ ಹುಟ್ಟಿದ್ದು 1581ರ ಜನವರಿ 4ರಂದು, ಐರ್ಲೆಂಡಿನ ಡಬ್ಲಿನ್ ಊರಿನಲ್ಲಿ. ತಂದೆ ಆರ್ಲೆಂಡ್ ಅಶರ್ ಕೋರ್ಟಿನಲ್ಲಿ ಗುಮಾಸ್ತರು. ಹುಡುಗನಿಗೆ ಅಕ್ಷರ ಕಲಿಸಿದವರು ಇಬ್ಬರು ಅತ್ತೆಯರು. ಅವರಿಬ್ಬರಿಗೂ ಕಣ್ಣು ಕಾಣುತ್ತಿರಲಿಲ್ಲ. ಬೈಬಲ್‌ನ ಬಹುಭಾಗ ಅವರಿಗೆ ಬಾಯಿಪಾಠ. ಹುಡುಗ ಪುಸ್ತಕ ಹಿಡಿದು ಓದುವುದು, ತಪ್ಪಿದರೆ ಅವರು ಕೇಳಿಸಿಕೊಂಡೇ ತಿದ್ದುವುದು. ನಮ್ಮ ಕಡೆ ಹಳೇ ಅಜ್ಜಿಯರು ಗದುಗಿನ ಭಾರತ, ಜೈಮಿನಿ ಭಾರತ ಬಾಯಲ್ಲೇ ಇಟ್ಟುಕೊಂಡಿರುತ್ತಿದ್ದರಲ್ಲ, ಹಾಗೆ. ಪುಸ್ತಕದ ಒಂದೊಂದು ಅಕ್ಷರಕ್ಕೂ ಬೆಲೆ ಇದೆ ಅನ್ನುವ ನಂಬಿಕೆ ಅವರಿಗೆ ಅಲ್ಲೇ ಬಂದಿರಬೇಕು ಅಂತ ನನಗನ್ನಿಸುತ್ತೆ.

ಆಗ ಡಬ್ಲಿನ್‌ನಲ್ಲಿ ಟ್ರಿನಿಟಿ ಕಾಲೇಜು ಹೊಸದಾಗಿ ಶುರುವಾಗಿತ್ತು. 1594ರಲ್ಲಿ, ಹದಿಮೂರನೇ ವಯಸ್ಸಿಗೆ, ಅಲ್ಲಿನ ಮೊದಲ ವಿದ್ಯಾರ್ಥಿಗಳಲ್ಲಿ ಒಬ್ಬರಾಗಿ ಸೇರಿದರು. 1598ರಲ್ಲಿ ತಂದೆ ತೀರಿಕೊಂಡರು. ದೊಡ್ಡ ಮಗ ಅಂತ ಬಂದ ಆಸ್ತಿಯನ್ನು ಒಡಹುಟ್ಟಿದವರಿಗೆ ಬಿಟ್ಟುಕೊಟ್ಟು ತಾನು ಓದಿಗೆ ನಿಂತರು. 1601ರಲ್ಲಿ ಪಾದ್ರಿ ದೀಕ್ಷೆ ಆಯಿತು. ಅದೇ ಸುಮಾರಿಗೆ ಐರ್ಲೆಂಡಿನಲ್ಲಿ ಇಂಗ್ಲಿಷ್ ಸೈನ್ಯ ಯುದ್ಧ ಗೆದ್ದು, ಸೈನಿಕರು ತಮ್ಮ ಸಂಬಳದಲ್ಲಿ ದುಡ್ಡು ಹಾಕಿ ಟ್ರಿನಿಟಿ ಕಾಲೇಜಿನ ಲೈಬ್ರರಿಗೆ ಕೊಟ್ಟರು. ಪುಸ್ತಕ ಕೊಳ್ಳೋಕೆ ಲಂಡನ್ನಿಗೆ ಹೋದವರಲ್ಲಿ ಅಶರ್ ಒಬ್ಬರು. ಪುಸ್ತಕದ ಹುಚ್ಚು ಅಲ್ಲಿಂದ ಹಿಡಿದದ್ದು ಸಾಯೋವರೆಗೂ ಬಿಡಲಿಲ್ಲ.

1607ರಲ್ಲಿ ಅದೇ ಕಾಲೇಜಿನಲ್ಲಿ ಪ್ರೊಫೆಸರ್, 1621ರಲ್ಲಿ ಮೀತ್ ಪ್ರಾಂತ್ಯದ ಬಿಷಪ್, 1625ರಲ್ಲಿ ಆರ್ಮಾದ ಆರ್ಚ್‌ಬಿಷಪ್. ಅಂದರೆ ಐರ್ಲೆಂಡಿನ ಪ್ರಾಟೆಸ್ಟೆಂಟ್ ಸಭೆಗೆ ಅವರೇ ಎಲ್ಲರಿಗಿಂತ ದೊಡ್ಡವರು.

ಇಲ್ಲಿ ಒಂದು ಮಾತು ಮುಚ್ಚಿಡದೆ ಹೇಳಬೇಕು. ಐರ್ಲೆಂಡಿನ ಬಹುಪಾಲು ಜನ ಕ್ಯಾಥೊಲಿಕ್. ಅಧಿಕಾರ ಪ್ರಾಟೆಸ್ಟೆಂಟರ ಕೈಲಿ. 1626ರಲ್ಲಿ ಕ್ಯಾಥೊಲಿಕರಿಗೆ ಸ್ವಲ್ಪ ಸಡಿಲ ಬಿಡಬೇಕು ಅನ್ನುವ ಮಾತು ಬಂದಾಗ, ಹಾಗೆ ಬಿಡುವುದು ಪಾಪ ಅಂತ ಬಿಷಪ್‌ಗಳೆಲ್ಲ ಸೇರಿ ಸಹಿ ಹಾಕಿದರು. ಅವರಿಗೆಲ್ಲ ಮುಂದಾಳು ಅಶರ್. ಇನ್ನೊಂದು ಕಡೆ ಅವರ ಸ್ವಂತ ತಾಯಿಯೇ ಕ್ಯಾಥೊಲಿಕ್ ಆದರು. ಮಗ ಆರ್ಚ್‌ಬಿಷಪ್, ತಾಯಿ ಬೇರೆ ಸಭೆ. ಇದು ಅವರಿಗೆ ತುಂಬಾ ನೋವು ಕೊಟ್ಟಿತು. ಪುಸ್ತಕದ ವಿಷಯದಲ್ಲಿ ಎಷ್ಟು ಸೂಕ್ಷ್ಮವೋ, ಎದುರು ಮತದವರ ವಿಷಯದಲ್ಲಿ ಅಷ್ಟೇ ಬಿಗಿ. ಒಳ್ಳೇದು ಬರೆದು ಇದನ್ನು ಬಿಟ್ಟರೆ ಅರ್ಧ ಸತ್ಯ ಆಗುತ್ತೆ.

1640ರಲ್ಲಿ ಅಶರ್ ಕೆಲಸದ ಮೇಲೆ ಇಂಗ್ಲೆಂಡಿಗೆ ಹೋದರು. ಆಗ ಅವರಿಗೆ 59 ವರ್ಷ. ಹೋದವರು ಮತ್ತೆ ಊರು ನೋಡಲಿಲ್ಲ. ಮುಂದಿನ ವರ್ಷ, 1641ರಲ್ಲಿ, ಐರ್ಲೆಂಡಿನಲ್ಲಿ ದಂಗೆ ಎದ್ದಿತು. ಮನೆ, ಆಸ್ತಿ, ಆದಾಯ ಎಲ್ಲ ಹೋಯ್ತು. ಉಳಿದಿದ್ದು ದ್ರೊಹೆಡಾ ಊರಿನಲ್ಲಿ ಇಟ್ಟಿದ್ದ ಪುಸ್ತಕಗಳು ಮಾತ್ರ. ಅವನ್ನು ಹಡಗಿನಲ್ಲಿ ಇಂಗ್ಲೆಂಡಿಗೆ ತರಿಸಿಕೊಂಡರು. ಇಂಗ್ಲೆಂಡಿನಲ್ಲಾದರೂ ನೆಮ್ಮದಿ ಇತ್ತಾ ಅಂದರೆ ಇಲ್ಲ. ಅಲ್ಲಿ ರಾಜ ಒಂದನೇ ಚಾರ್ಲ್ಸ್‌ಗೂ ಪಾರ್ಲಿಮೆಂಟಿಗೂ ಯುದ್ಧ. ಅಶರ್ ರಾಜನ ಕಡೆ. ಪಾರ್ಲಿಮೆಂಟಿನವರು ಲಂಡನ್ನಿನಲ್ಲಿದ್ದ ಅವರ ಪುಸ್ತಕಗಳನ್ನು ಜಪ್ತಿ ಮಾಡಿದರು. ಸ್ನೇಹಿತರು ಹೇಗೋ ಮಾಡಿ ಬಿಡಿಸಿಕೊಟ್ಟರು.

1645ರಲ್ಲಿ ವೇಲ್ಸ್ ದೇಶದ ಕಾರ್ಡಿಫ್‌ನಲ್ಲಿ ಮಗಳು ಅಳಿಯನ ಹತ್ತಿರ ಇದ್ದರು. ಒಬ್ಬಳೇ ಮಗಳು, ಹೆಸರು ಎಲಿಜಬೆತ್. ಯುದ್ಧ ಹತ್ತಿರ ಬಂತು ಅಂತ ಅಲ್ಲಿಂದ ಸೇಂಟ್ ಡೋನಟ್ಸ್ ಕೋಟೆಗೆ ಹೊರಟಾಗ ದಾರಿಯಲ್ಲಿ ಬೆಟ್ಟದ ಕಡೆಯ ಜನ ಅಡ್ಡಹಾಕಿ ಪೆಟ್ಟಿಗೆಗಳನ್ನು ಒಡೆದರು. ಚಿನ್ನ ಇರುತ್ತೆ ಅಂದುಕೊಂಡಿದ್ದರೋ ಏನೋ. ಒಳಗಿದ್ದದ್ದು ಪುಸ್ತಕ, ಕಾಗದ. ಬದುಕೆಲ್ಲ ಕೂತು ಬರೆದ ಟಿಪ್ಪಣಿಗಳು ಬಯಲಲ್ಲಿ ಚೆಲ್ಲಾಪಿಲ್ಲಿ. ಅವತ್ತು ಆ ಮುದುಕರು ಮನಸ್ಸಿನಿಂದ ಪೂರ್ತಿ ಕುಸಿದರು. ಆಮೇಲೆ ಆ ಸೀಮೆಯ ಪಾದ್ರಿಗಳು ಚರ್ಚಿಗೆ ಬಂದ ಜನಕ್ಕೆ ಹೇಳಿ, ಯಾರ ಮನೆಯಲ್ಲಿ ಯಾವ ಹಾಳೆ ಇದ್ದರೂ ತಂದುಕೊಡಿ ಅಂತ ಕೇಳಿಕೊಂಡರು. ಎರಡು ಮೂರು ತಿಂಗಳಲ್ಲಿ ಬಹುಪಾಲು ವಾಪಸ್ ಬಂತು.

ಊರು ಬಿಟ್ಟು ಇಲ್ಲಿ ದುಡಿಯುವ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮೂವತ್ತು ಕೆಜಿ ಲಗೇಜಿನಲ್ಲಿ ನಮ್ಮ ಬದುಕು ಇರುತ್ತೆ. ಅದರಲ್ಲಿ ಸರ್ಟಿಫಿಕೇಟ್ ಫೈಲ್ ಒಂದು ಕಳೆದರೆ ನಮ್ಮ ಸ್ಥಿತಿ ಏನು ಯೋಚನೆ ಮಾಡಿ.

ಈಗ ಅವರ ಲೆಕ್ಕಕ್ಕೆ ಬರೋಣ. ಅಶರ್ ಸುಮ್ಮನೆ ಕಣ್ಣು ಮುಚ್ಚಿ ನಂಬುವವರಲ್ಲ ಅನ್ನೋದಕ್ಕೆ ಒಂದು ಸಾಕ್ಷಿ ಇದೆ. ಇಗ್ನೇಷಿಯಸ್ ಅಂತ ಕ್ರೈಸ್ತರ ಹಳೇ ಗುರು. ಅವರ ಹೆಸರಿನಲ್ಲಿ ತುಂಬಾ ಪತ್ರಗಳು ಓಡಾಡುತ್ತಿದ್ದವು. ಯಾವುದು ಅಸಲಿ, ಯಾವುದು ನಕಲಿ ಯಾರಿಗೂ ಗೊತ್ತಿಲ್ಲ. ಇಂಗ್ಲೆಂಡಿನ ಕೆಲವು ಹಳೇ ಲೇಖಕರು ಆ ಪತ್ರಗಳಿಂದ ಎತ್ತಿಕೊಂಡ ಮಾತುಗಳು ಅಚ್ಚಾದ ಪ್ರತಿಗೆ ಹೊಂದಲ್ಲ, ಆದರೆ ಅದಕ್ಕಿಂತ ಹಳೇ ಗ್ರೀಕ್ ಗ್ರಂಥಗಳಿಗೆ ಹೊಂದುತ್ತವೆ ಅಂತ ಅಶರ್ ಗಮನಿಸಿದರು. ಹಾಗಾದರೆ ಅಸಲಿ ಪ್ರತಿ ಇಂಗ್ಲೆಂಡಿನಲ್ಲೇ ಎಲ್ಲೋ ಇರಬೇಕು ಅಂತ ಹುಡುಕಿಸಿದರು. ಎರಡು ಹಸ್ತಪ್ರತಿ ಸಿಕ್ಕವು. 1644ರಲ್ಲಿ ಪುಸ್ತಕ ತಂದು, ಆರು ಪತ್ರ ಮಾತ್ರ ಅಸಲಿ ಅಂದರು. ಇವತ್ತಿನ ಪಂಡಿತರು ಏಳು ಅನ್ನುತ್ತಾರೆ. ಒಂದರಲ್ಲಿ ಮಾತ್ರ ಅವರು ತಪ್ಪಿದ್ದು. ನಾವು ಫಾಲ್ಟ್ ಹುಡುಕುವುದೂ ಇದೇ ದಾರಿಯಲ್ಲಿ. ಲೈಟ್ ಯಾಕೆ ಮಿಣುಕುತ್ತೆ ಅಂತ ಲೈಟನ್ನೇ ನೋಡುತ್ತಾ ಕೂರಲ್ಲ, ಲೈನ್ ಹಿಡಿದು ಹಿಂದೆ ಹಿಂದೆ ಹೋಗ್ತೀವಿ.

ಇಂಥ ಮನುಷ್ಯರು ಲೋಕದ ವಯಸ್ಸಿನ ಲೆಕ್ಕಕ್ಕೆ ಕೈ ಹಾಕಿದರು. ಆ ಕಾಲದಲ್ಲಿ ಇದು ಹುಚ್ಚು ಕೆಲಸ ಅಲ್ಲ. ಗ್ರಹಗಳ ಓಟದ ನಿಯಮ ಕಂಡುಹಿಡಿದ ಕೆಪ್ಲರ್ ಕೂಡ ಇದೇ ರೀತಿ ಲೆಕ್ಕ ಹಾಕಿ ಕ್ರಿಸ್ತಪೂರ್ವ ಸುಮಾರು 3993 ಅಂದಿದ್ದರು. ಯೆಹೂದ್ಯರ ಪಂಚಾಂಗ ಇವತ್ತಿಗೂ ಕ್ರಿಸ್ತಪೂರ್ವ 3761ರಿಂದ ಎಣಿಸುತ್ತೆ. ಬಂಡೆಗೆ ವಯಸ್ಸು ನೋಡುವ ವಿದ್ಯೆ ಆಗ ಯಾರಿಗೂ ಗೊತ್ತಿರಲಿಲ್ಲ. ಹಳೇ ಕಾಲ ಅಂದರೆ ಹಳೇ ಪುಸ್ತಕ, ಅಷ್ಟೇ.

ಬೈಬಲ್‌ನ ಆದಿಕಾಂಡದ ಐದನೇ ಅಧ್ಯಾಯದಲ್ಲಿ ಒಂದು ವಂಶಾವಳಿ ಇದೆ. ಆದಾಮನಿಗೆ 130 ವರ್ಷ ಆದಾಗ ಸೇತ ಹುಟ್ಟಿದ. ಸೇತನಿಗೆ 105 ಆದಾಗ ಎನೋಷ. ಹೀಗೇ ಮುಂದಕ್ಕೆ 90, 70, 65, 162, 65, 187, 182. ಕೊನೆಗೆ ನೋಹನಿಗೆ 600 ಆದಾಗ ಜಲಪ್ರಳಯ. ಕೂಡಿಸಿ ನೋಡಿ, 1656 ಬರುತ್ತೆ. ಅಲ್ಲಿಂದ ಅಬ್ರಹಾಮ, ಮೋಶೆ, ಸೊಲೊಮೋನ, ಆಮೇಲೆ ರಾಜರು ಆಳಿದ ವರ್ಷಗಳು.

ಕೇಳೋಕೆ ಸುಲಭ. ಆದರೆ ಕಷ್ಟ ಮೂರು ಕಡೆ ಇತ್ತು. ಮೊದಲನೇದು, ಇದೇ ಭಾಗದ ಗ್ರೀಕ್ ಪ್ರತಿಯಲ್ಲಿ ಎಷ್ಟೋ ಹೆಸರುಗಳಿಗೆ ನೂರು ನೂರು ವರ್ಷ ಜಾಸ್ತಿ ಇದೆ. ಸಮಾರ್ಯದವರ ಪ್ರತಿಯಲ್ಲಿ ಕಡಿಮೆ ಇದೆ. ಒಂದೇ ಅಂಗಡಿಗೆ ಮೂರು ಲೆಕ್ಕದ ಪುಸ್ತಕ ಇದ್ದ ಹಾಗೆ. ಅಶರ್ ಸಿರಿಯಾ ದೇಶದ ಅಲೆಪ್ಪೊದಲ್ಲಿದ್ದ ಒಬ್ಬ ಇಂಗ್ಲಿಷ್ ವ್ಯಾಪಾರಿಗೆ ದುಡ್ಡು ಕಳಿಸಿ ಸಮಾರ್ಯದ ಪ್ರತಿಯನ್ನು ತರಿಸಿ, ಪಕ್ಕಪಕ್ಕ ಇಟ್ಟು ನೋಡಿ, ಕೊನೆಗೆ ಹೀಬ್ರೂ ಪ್ರತಿಯನ್ನು ಹಿಡಿದರು. ಎರಡನೇದು, ರಾಜರ ಆಳ್ವಿಕೆ ಒಂದರ ಮೇಲೊಂದು ಬರುತ್ತೆ. ಅಪ್ಪ ಬದುಕಿದ್ದಾಗಲೇ ಮಗನೂ ಆಳುತ್ತಿದ್ದ. ಸುಮ್ಮನೆ ಕೂಡಿಸಿದರೆ ತಪ್ಪುತ್ತೆ. ಮೂರನೇದು, ಬೈಬಲ್‌ನ ಲೆಕ್ಕವನ್ನು ನಮ್ಮ ಇಸವಿಗೆ ಎಲ್ಲಿ ಗಂಟು ಹಾಕಬೇಕು?

ಅದಕ್ಕೆ ಅವರು ಬಾಬಿಲೋನಿನ ರಾಜ ನೆಬೂಕದ್ನೆಚ್ಚರನ ಸಾವನ್ನು ಹಿಡಿದರು. ಅವನ ಮಗ ಪಟ್ಟಕ್ಕೆ ಬಂದದ್ದು ಯೆಹೂದದ ರಾಜ ಯೆಹೋಯಾಖೀನ ಸೆರೆ ಸಿಕ್ಕ ಮೂವತ್ತೇಳನೇ ವರ್ಷದಲ್ಲಿ ಅಂತ ಬೈಬಲ್‌ನ ಅರಸುಗಳ ಪುಸ್ತಕದಲ್ಲಿದೆ. ಅದೇ ಬಾಬಿಲೋನಿನ ರಾಜರ ಪಟ್ಟಿ ಟಾಲೆಮಿಯ ಖಗೋಳದ ಲೆಕ್ಕದಲ್ಲೂ ಇದೆ. ಎರಡೂ ಕೂಡುವುದು ಕ್ರಿಸ್ತಪೂರ್ವ 562ರಲ್ಲಿ. ಇವತ್ತಿನ ಚರಿತ್ರೆಕಾರರೂ ಅದೇ ಇಸವಿ ಹೇಳುತ್ತಾರೆ. ಈ ಗಂಟು ಅಷ್ಟು ಗಟ್ಟಿ.

ಅಲ್ಲಿಂದ ಹಿಂದಕ್ಕೆ ಎಣಿಸಿದಾಗ ಸೃಷ್ಟಿಗೆ ಕ್ರಿಸ್ತಪೂರ್ವ 4004 ಬಂತು. 4000ದ ಮೇಲೆ ಈ 4 ಯಾಕೆ? ಹೆರೋದ ರಾಜ ಸತ್ತದ್ದು ಕ್ರಿಸ್ತಪೂರ್ವ 4ರಲ್ಲಿ. ಯೇಸು ಹುಟ್ಟಿದಾಗ ಅವನು ಬದುಕಿದ್ದ. ಅಂದರೆ ನಮ್ಮ ಇಸವಿ ಶುರು ಮಾಡಿದವರೇ ನಾಲ್ಕು ವರ್ಷ ತಪ್ಪಿದ್ದರು. ಯೇಸು ಹುಟ್ಟುವ ಹೊತ್ತಿಗೆ ಲೋಕಕ್ಕೆ ಸರಿಯಾಗಿ 4000 ವರ್ಷ. ತಿಂಗಳು, ದಿನವನ್ನೂ ಬಿಡಲಿಲ್ಲ. ಯೆಹೂದ್ಯರ ಹಳೇ ವರ್ಷ ಶುರುವಾಗುವುದು ಹಗಲು ರಾತ್ರಿ ಸಮ ಆಗುವ ಶರತ್ಕಾಲದಲ್ಲಿ. ವಾರದ ಮೊದಲ ದಿನ ಭಾನುವಾರ. ಖಗೋಳದ ಪಟ್ಟಿ ಹಿಡಿದು ಆ ವರ್ಷದ ಆ ಭಾನುವಾರ ಹುಡುಕಿದರೆ ಹಳೇ ಪಂಚಾಂಗದ ಅಕ್ಟೋಬರ್ 23. ದಿನ ಶುರುವಾಗುವುದು ಹಿಂದಿನ ಸಂಜೆಗೆ. ಹಾಗಾಗಿ ಶನಿವಾರ 22ರ ಸಂಜೆ ಕತ್ತಲಾಗುವಾಗ ಲೋಕ ಶುರು. ಬೆಳಿಗ್ಗೆ ಒಂಬತ್ತು ಗಂಟೆಗೆ ಅಂತ ಬರೆದರು ಅಂತ ಎಷ್ಟೋ ಜನ ತಮಾಷೆ ಮಾಡುತ್ತಾರೆ. ಅದು ಅಶರ್ ಹೇಳಿದ್ದೇ ಅಲ್ಲ.

ಈ ಕೆಲಸ ನಡೆಯುತ್ತಿದ್ದಾಗ ಅವರು ಲಂಡನ್ನಿನಲ್ಲಿ, ಪೀಟರ್‌ಬರೋ ಮನೆತನದ ಒಬ್ಬ ದೊಡ್ಡ ಮನೆಯ ಹೆಂಗಸಿನ ಆಶ್ರಯದಲ್ಲಿ ಇದ್ದರು. 1649ರ ಜನವರಿ 30ರಂದು ಪಾರ್ಲಿಮೆಂಟಿನವರು ರಾಜನ ತಲೆ ಕಡಿದರು. ಅದನ್ನು ನೋಡೋಕೆ ಅಶರ್ ಆ ಮನೆಯ ಮಾಳಿಗೆ ಹತ್ತಿದ್ದರು. ರಾಜನ ಅಂಗಿ ಬಿಚ್ಚಿ ಕೂದಲು ಕಟ್ಟುವಾಗಲೇ ಇವರಿಗೆ ಕಣ್ಣು ಕತ್ತಲೆ ಬಂದು, ಕೆಳಗೆ ಇಳಿಸಿಕೊಂಡು ಬಂದರು. ಮರುವರ್ಷ, 1650ರಲ್ಲಿ, ಪುಸ್ತಕದ ಮೊದಲ ಭಾಗ ಲ್ಯಾಟಿನ್ ಭಾಷೆಯಲ್ಲಿ ಬಂತು. ಎರಡನೇದು 1654ರಲ್ಲಿ. ಸೃಷ್ಟಿಯ ದಿನ ಇರುವುದು ಅದರ ಶುರುವಿನಲ್ಲಿ ಅಷ್ಟೇ. ಉಳಿದಿದ್ದೆಲ್ಲ ಪರ್ಷಿಯಾ, ಗ್ರೀಸ್, ರೋಮಿನ ಚರಿತ್ರೆ, ಕ್ರಿಸ್ತಶಕ 70ರ ಸುಮಾರಿನವರೆಗೆ. ಊರು ಹೋಗಿ, ರಾಜ ಹೋಗಿ, ಕಣ್ಣಿನ ಬೆಳಕೂ ಹೋಗುತ್ತಿದ್ದ ಮನುಷ್ಯ ಲೋಕದ ಶುರುವಿನಿಂದ ಕೂತು ಒಂದೊಂದೇ ವರ್ಷ ಜೋಡಿಸಿದ್ದು. ಎಲ್ಲಾ ಮುರಿದು ಬಿದ್ದಾಗ ಒಂದು ಕಡೆಯಾದರೂ ಲೆಕ್ಕ ಸರಿ ಇರಲಿ ಅನ್ನಿಸುವುದು ಸಹಜ ಅಲ್ವಾ?

1654ರಲ್ಲಿ ಹೆಂಡತಿ ಫೀಬಿ ತೀರಿಕೊಂಡರು. 1656ರ ಮಾರ್ಚ್ 21ರಂದು ರೈಗೇಟ್ ಊರಿನಲ್ಲಿ ಅಶರ್ ಕಣ್ಣು ಮುಚ್ಚಿದರು. ವಿಚಿತ್ರ ನೋಡಿ, ರಾಜನ ತಲೆ ತೆಗೆಸಿದ ಕ್ರಾಮ್‌ವೆಲ್ಲೇ ರಾಜನ ಕಡೆಯ ಈ ಮುದುಕರಿಗೆ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಸರ್ಕಾರಿ ಮರ್ಯಾದೆಯಿಂದ ಮಣ್ಣು ಮಾಡಿಸಿದ. ಸಮಾಧಿ ಇರುವುದು ಬಾಲ್ಯದಲ್ಲಿ ಪಾಠ ಹೇಳಿದ ಮೇಷ್ಟ್ರು ಜೇಮ್ಸ್ ಫುಲರ್ಟನ್ ಸಮಾಧಿಯ ಹತ್ತಿರ. ಅವರ ಸುಮಾರು 10,000 ಪುಸ್ತಕಗಳನ್ನು ಐರ್ಲೆಂಡಿನಲ್ಲಿದ್ದ ಸೈನ್ಯ ದುಡ್ಡು ಕೂಡಿಸಿ ಕೊಂಡುಕೊಂಡಿತು. 1661ರಲ್ಲಿ ಅವು ಟ್ರಿನಿಟಿ ಕಾಲೇಜಿಗೆ ಸೇರಿದವು. ಮನುಷ್ಯ ವಾಪಸ್ ಹೋಗಲಿಲ್ಲ, ಪುಸ್ತಕ ಹೋದವು.

ಅವರ ಲೆಕ್ಕ ಪಂಡಿತರ ಪುಸ್ತಕದಲ್ಲೇ ಉಳಿದಿದ್ದರೆ ನಮ್ಮ ರೂಮಿಗೆ ಬರುತ್ತಿರಲಿಲ್ಲ. 1701ರ ಇಂಗ್ಲಿಷ್ ಬೈಬಲ್‌ನ ಪುಟಗಳ ಅಂಚಿನಲ್ಲಿ ಈ ಇಸವಿಗಳನ್ನು ಅಚ್ಚು ಹಾಕಿದರು. ಮುಂದೆ ತಲೆಮಾರುಗಟ್ಟಲೆ ಜನ ಅದನ್ನೇ ಓದಿದರು. ಅಂಚಿನಲ್ಲಿ ಇದ್ದದ್ದೂ ದೇವರ ವಾಕ್ಯವೇ ಅಂತ ಎಷ್ಟೋ ಜನಕ್ಕೆ ಅನ್ನಿಸಿಬಿಟ್ಟಿತು. 1925ರಲ್ಲಿ ಅಮೆರಿಕದ ಟೆನೆಸಿಯಲ್ಲಿ ಶಾಲೆಯಲ್ಲಿ ವಿಕಾಸವಾದ ಕಲಿಸಿದ ಮೇಷ್ಟ್ರ ಮೇಲೆ ಕೇಸ್ ನಡೆದಾಗ ಕೋರ್ಟಿನಲ್ಲೂ 4004ರ ಮಾತು ಬಂತು. 1961ರಲ್ಲಿ ವಿಟ್‌ಕೋಂಬ್ ಮತ್ತು ಮಾರಿಸ್ ಅನ್ನುವ ಇಬ್ಬರು ಅಮೆರಿಕದವರು ಜಲಪ್ರಳಯದ ಬಗ್ಗೆ ಬರೆದ ಪುಸ್ತಕದಿಂದ ಭೂಮಿಯ ವಯಸ್ಸು ಕೆಲವೇ ಸಾವಿರ ವರ್ಷ ಅನ್ನುವ ನಂಬಿಕೆ ಮತ್ತೆ ಜೋರಾಯಿತು.

ಹಾಗಾದರೆ ತಪ್ಪಿದ್ದು ಎಲ್ಲಿ? ಐಟಿಐನಲ್ಲಿ ನಮ್ಮ ಮೇಷ್ಟ್ರು ಒಂದು ಪಾಠ ಹೇಳಿಕೊಟ್ಟಿದ್ದರು. ರೀಡಿಂಗ್ ವಿಚಿತ್ರ ಬಂದರೆ ಮೀಟರನ್ನು ಬೈಯಬೇಡ, ಪ್ರೋಬ್ ಎಲ್ಲಿ ಇಟ್ಟಿದ್ದೀಯ ನೋಡು ಅಂತ. ಅಶರ್ ಕೂಡಿಸಿದ್ದು ಸರಿ. ಆದರೆ ಅವರು ಅಳೆದದ್ದು ವಂಶಾವಳಿಯನ್ನು, ಭೂಮಿಯನ್ನಲ್ಲ. ಭೂಮಿಯ ಲೆಕ್ಕ ಬಂಡೆಯೊಳಗಿದೆ. ಪ್ಯಾನೆಲ್‌ನ ಕೆಪಾಸಿಟರ್ ಆಫ್ ಮಾಡಿದ ಮೇಲೆ ಚಾರ್ಜ್ ಒಂದು ಲೆಕ್ಕದಲ್ಲಿ ಇಳಿಯುತ್ತೆ, ಅಲ್ವಾ? ಶುರುವಿನಲ್ಲಿ ಎಷ್ಟಿತ್ತು, ಈಗ ಎಷ್ಟಿದೆ ಅಂತ ಗೊತ್ತಾದರೆ ಆಫ್ ಆಗಿ ಎಷ್ಟು ಹೊತ್ತಾಯಿತು ಹೇಳಬಹುದು. ಯುರೇನಿಯಂ ಸೀಸ ಆಗುವುದೂ ಹಾಗೇ. ಅರ್ಧ ಯುರೇನಿಯಂ ಸೀಸ ಆಗೋಕೆ ಸುಮಾರು 447 ಕೋಟಿ ವರ್ಷ ಬೇಕು. ಈ ದಾರಿಯಲ್ಲೇ ಉಲ್ಕೆಯ ಕಲ್ಲುಗಳ ಸೀಸ ಅಳೆದು 1956ರಲ್ಲಿ ಕ್ಲೇರ್ ಪ್ಯಾಟರ್ಸನ್ ಭೂಮಿಗೆ ಸುಮಾರು 455 ಕೋಟಿ ವರ್ಷ ಅಂದರು. ನಮ್ಮ ಕೆಜಿಎಫ್ ಚಿನ್ನದ ಬಂಡೆಗೇ ಸುಮಾರು 270 ಕೋಟಿ ವರ್ಷ. ಇದನ್ನು ಒಪ್ಪಿಕೊಂಡೂ ಭಕ್ತಿಯಿಂದ ಚರ್ಚಿಗೆ ಹೋಗುವ ಕ್ರೈಸ್ತರು ಬೇಕಾದಷ್ಟು ಜನ ಇದ್ದಾರೆ.

ಹನ್ನೆರಡನೇ ದಿನ ಎರಡು ಲೋಟ ಟೀ ಹಿಡಿದು ಅಣ್ಣನ ಮಂಚದ ಹತ್ತಿರ ಹೋದೆ. ಮೊದಲು ಅವರ ಅಪ್ಪನ ಬಗ್ಗೆ ಆಡಿದ ಮಾತಿಗೆ ಕ್ಷಮೆ ಕೇಳಿದೆ. ಆಮೇಲೆ ಅಶರ್ ಕಥೆ ಹೇಳಿದೆ. ದಾರಿಯಲ್ಲಿ ಪುಸ್ತಕ ಲೂಟಿ ಆದದ್ದು, ಜನ ಒಂದೊಂದೇ ಹಾಳೆ ತಂದುಕೊಟ್ಟದ್ದು ಕೇಳುವಾಗ ಅವರು ಟೀ ಕುಡಿಯುವುದನ್ನೇ ಮರೆತರು. ಆರು ಸಾವಿರ ವರ್ಷ ಅನ್ನೋದು ಬೈಬಲ್‌ನಲ್ಲಿ ಬರೆದಿಲ್ಲ, ಒಬ್ಬ ಮನುಷ್ಯ ಕೂಡಿಸಿದ್ದು ಅಂತ ಅವರಿಗೂ ಗೊತ್ತಿರಲಿಲ್ಲವಂತೆ. ಬೈಬಲ್ ತೆಗೆದು ಐದನೇ ಅಧ್ಯಾಯ ಬಿಡಿಸಿದರು. ಅವರು ಓದುತ್ತಾ ಹೋದರು, ನಾನು ಮೆಟೀರಿಯಲ್ ಲಿಸ್ಟಿನ ಹಿಂದೆ ಬರೆದು ಕೂಡಿಸಿದೆ. 1656 ಬಂತು.

ಅಣ್ಣ ತಮ್ಮ ನಂಬಿಕೆ ಬಿಟ್ಟಿಲ್ಲ. ಬಂಡೆಯ ಲೆಕ್ಕ ತಪ್ಪಿರಬಹುದು, ವಾಕ್ಯ ತಪ್ಪಲ್ಲ ಅನ್ನುತ್ತಾರೆ. ನನ್ನದು ನಾನು ಬಿಟ್ಟಿಲ್ಲ. ಈಗ ಊಟ ಒಟ್ಟಿಗೆ ಮಾಡ್ತೀವಿ. ಅವರ ಅಪ್ಪ ಗಣಿಯಿಂದ ತಂದಿದ್ದ ಒಂದು ಕಲ್ಲಿನ ಚೂರು ಮನೆಯಲ್ಲಿ ಇದೆಯಂತೆ. ಮುಂದಿನ ರಜೆಗೆ ಹೋದಾಗ ನನಗೆ ತೋರಿಸ್ತೀನಿ ಅಂದಿದ್ದಾರೆ.